ಬಂದ್, ಮಳೆ, ರದ್ದಾದ ವಿಮಾನ: ಬಾಸ್ ಜತೆ ಕೆಲಸ ಮಾಡುವ ಇಎಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಡಿ, ಸಿಇಒ, ಡೈರೆಕ್ಟರ್‌ಗಳ ಬಳಿ ಇಎ (ಎಕ್ಸಿಕ್ಯೂಟಿವ್ ಅಸಿಸ್ಟೆಂಟ್) ಅಥವಾ ಪಿಎ ಆಗಿರುವವರಿಗೆ ಈ ಪುಟ. ದಿನದ ಪ್ಲಾನ್ ಬೆಳಗ್ಗೆ ಏಳಕ್ಕೇ ಕೈಕೊಟ್ಟಾಗ ಯಾವುದನ್ನು ಮೊದಲು ಹಿಡಿಯಬೇಕು, ಬಾಸ್ ಹತ್ತಿರ ಏನು ಕೇಳಬೇಕು, ಏನನ್ನು ಕೇಳದೆ ಮುಗಿಸಬೇಕು ಎಂಬುದಷ್ಟೇ ಇಲ್ಲಿದೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು.

ಎಲ್ಲ ಒಟ್ಟಿಗೆ ಕೆಟ್ಟಿದೆ. ಮೊದಲ ಅರ್ಧ ಗಂಟೆ ಏನು ಮಾಡಲಿ?

ಬಾಸ್‌ಗೆ ಫೋನ್ ಮಾಡುವ ಮುಂಚೆ ಹತ್ತು ನಿಮಿಷ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ಮುಂದಿನ 48 ಗಂಟೆಯ ಕಾರ್ಯಕ್ರಮಗಳನ್ನು ಸಾಲಾಗಿ ಬರೆಯಿರಿ. ಪ್ರತಿಯೊಂದರ ಪಕ್ಕ ಮೂರು ವಿಷಯ: ತಪ್ಪಿದರೆ ಯಾರಿಗೆ ನಷ್ಟ, ಬಾಸ್ ಖುದ್ದಾಗಿ ಬೇಕೇ, ಎಷ್ಟು ಗಂಟೆಯೊಳಗೆ ತೀರ್ಮಾನವಾಗಬೇಕು. ಹದಿನೈದು ಐಟಂ ಇದ್ದರೂ ಬಾಸ್ ತೀರ್ಮಾನಿಸಬೇಕಾದ್ದು ಮೂರೋ ನಾಲ್ಕೋ ಇರುತ್ತದೆ. ಉಳಿದದ್ದು ನಿಮ್ಮ ಕೆಲಸ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಬಂದ ಬಂದ ಸುದ್ದಿಯನ್ನೆಲ್ಲ ಬಾಸ್‌ಗೆ ದಾಟಿಸುವುದು. ಟಿವಿ ಸ್ಕ್ರೀನ್‌ಶಾಟ್, ಟ್ರಾಫಿಕ್ ಪೊಲೀಸರ ಪೋಸ್ಟ್, ಯಾವುದೋ ಗ್ರೂಪಿನ ಫಾರ್ವರ್ಡ್. ಅವರ ಫೋನಿಗೂ ಅವೇ ಬಂದಿರುತ್ತವೆ. ಅವರಿಗೆ ಬೇಕಾಗಿರುವುದು ಆ ಸುದ್ದಿಯಿಂದ ತಮ್ಮ ದಿನಕ್ಕೆ ಏನಾಯಿತು ಎಂಬುದು.

ಮೆಸೇಜ್ ಹೇಗೆ ಬರೆದರೆ ಉತ್ತರ ಬರುತ್ತದೆ?

ಮೊದಲ ಸಾಲಲ್ಲೇ ಅವರಿಂದ ಏನು ಬೇಕು, ಎಷ್ಟು ಗಂಟೆಯೊಳಗೆ ಎಂದು ಹೇಳಿಬಿಡಿ. ಆಯ್ಕೆ ಎರಡಕ್ಕಿಂತ ಹೆಚ್ಚು ಬೇಡ. ಉತ್ತರ ಬರದಿದ್ದರೆ ನೀವು ಏನು ಮಾಡುತ್ತೀರಿ ಎಂಬುದು ಕೊನೆಯ ಸಾಲು. ಮಾದರಿ ಹೀಗಿದೆ:

"ಸರ್, 11:30ರೊಳಗೆ ಒಂದು ತೀರ್ಮಾನ ಬೇಕು. ಚೆನ್ನೈ ವಿಮಾನ ರದ್ದಾಗಿದೆ. ಅ) ಮಧ್ಯಾಹ್ನದ ರೈಲು, ರಾತ್ರಿ 8ರೊಳಗೆ ತಲುಪುತ್ತೀರಿ, ಡಿನ್ನರ್ ಉಳಿಯುತ್ತದೆ. ಆ) ಇವತ್ತು ವಿಡಿಯೊ ಕಾಲ್, ಗುರುವಾರ ಖುದ್ದು ಭೇಟಿ, ಅವರ ಆಫೀಸಿನವರು ಇದಕ್ಕೂ ಒಪ್ಪಿದ್ದಾರೆ. ನಿಮ್ಮಿಂದ ಉತ್ತರ ಬರದಿದ್ದರೆ ಅ ಮಾಡುತ್ತೇನೆ, ಸೀಟು ಮುಗಿಯುತ್ತಿದೆ."

ಇಂಥ ಮೆಸೇಜಿಗೆ "ಅ" ಎಂಬ ಒಂದೇ ಅಕ್ಷರದ ಉತ್ತರ ಸಾಕು, ಮೀಟಿಂಗಿನ ಮೇಜಿನ ಕೆಳಗೂ ಟೈಪ್ ಮಾಡಬಹುದು. "ಸರ್, ಫ್ಲೈಟ್ ಕ್ಯಾನ್ಸಲ್ ಆಗಿದೆ, ಏನ್ಮಾಡ್ಲಿ?" ಎಂದು ಕಳಿಸಿದರೆ ಹುಡುಕುವ ಕೆಲಸವನ್ನೂ ಅವರ ತಲೆಗೇ ಹಾಕಿದಂತಾಯಿತು.

ಒಂದು ಮೆಸೇಜಿನಲ್ಲಿ ಒಂದೇ ತೀರ್ಮಾನ ಕೇಳಿ. ಮೂರು ಸೇರಿಸಿದರೆ ಮೊದಲನೆಯದಕ್ಕೆ ಉತ್ತರ ಬಂದು ಉಳಿದೆರಡು ಕಳೆದುಹೋಗುತ್ತವೆ. ಬರೀ ಮಾಹಿತಿಯಾದದ್ದನ್ನು ಕೂಡಿಟ್ಟು ಬೆಳಗ್ಗೆ 8, ಮಧ್ಯಾಹ್ನ 1, ಸಂಜೆ 6ಕ್ಕೆ ಒಟ್ಟಿಗೆ ಕಳಿಸಿ. ಹೊಸದೇನೂ ಇಲ್ಲದಿದ್ದರೆ "ಬದಲಾವಣೆ ಇಲ್ಲ" ಅಂತಲಾದರೂ ಕಳಿಸಬೇಕು. ಹೇಳಿದ ಹೊತ್ತಿಗೆ ಏನೂ ಬರದಿದ್ದರೆ ಬಾಸ್ ತಾವೇ ನಾಲ್ಕು ಕಡೆ ಫೋನ್ ಹಚ್ಚುತ್ತಾರೆ, ನಾಲ್ಕು ಬೇರೆ ಬೇರೆ ಉತ್ತರ ಸಿಗುತ್ತದೆ.

ಬಾಸ್ ಕೈಗೆ ಸಿಗುತ್ತಿಲ್ಲ. ನಾನೇ ಎಷ್ಟರ ಮಟ್ಟಿಗೆ ತೀರ್ಮಾನ ತೆಗೆದುಕೊಳ್ಳಬಹುದು?

ಇದಕ್ಕೆ ಉತ್ತರ ಗಲಾಟೆಯ ದಿನ ಸಿಗುವುದಿಲ್ಲ. ಯಾವುದಾದರೂ ಸಪ್ಪೆ ಮಂಗಳವಾರ ಇಪ್ಪತ್ತು ನಿಮಿಷ ಕೂತು ಒಂದು ಪುಟದ ಅಪ್ಪಣೆ ಪತ್ರ ಮಾಡಿಕೊಳ್ಳಿ. ಈ ಪುಟದಲ್ಲಿರುವುದರಲ್ಲಿ ಒಂದನ್ನಷ್ಟೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಅದರಲ್ಲಿ ಮೂರು ಭಾಗ: ಕೇಳದೆ ಮಾಡಬಹುದಾದ್ದು, ಮಾಡಿ ತಿಳಿಸಬೇಕಾದ್ದು, ಕೇಳಿಯೇ ಮಾಡಬೇಕಾದ್ದು.

ಅಂಕಿ ಇಲ್ಲದ ಅಪ್ಪಣೆ ಉಪಯೋಗಕ್ಕೆ ಬರುವುದಿಲ್ಲ. "ಸಣ್ಣಪುಟ್ಟದು ನೀವೇ ನೋಡ್ಕೊಳ್ಳಿ" ಎಂದವರೇ ಬಿಲ್ ಬಂದಾಗ "ಇದು ಸಣ್ಣದಾ?" ಎನ್ನುತ್ತಾರೆ. ಆದ್ದರಿಂದ ಹೀಗೆ ಬರೆದುಕೊಳ್ಳಿ (ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ಕಂಪನಿಗೆ ತಕ್ಕಂತೆ ಬದಲಿಸಿ): ಟಿಕೆಟ್ ಬದಲಾವಣೆಯ ಹೆಚ್ಚುವರಿ ಖರ್ಚು ₹25,000ದವರೆಗೆ ಕೇಳದೆ. ಒಂದು ರಾತ್ರಿಯ ಹೋಟೆಲ್ ₹12,000ದವರೆಗೆ ಕೇಳದೆ. ಒಳಗಿನವರದ್ದೇ ಮೀಟಿಂಗ್ ಆಗಿದ್ದು ಎಂಟು ಜನರೊಳಗಿದ್ದರೆ ಸರಿಸಿ ತಿಳಿಸುವುದು. ಗ್ರಾಹಕರು, ಹೂಡಿಕೆದಾರರು, ಸರ್ಕಾರಿ ಅಧಿಕಾರಿಗಳ ಜತೆಗಿನದ್ದು ಕೇಳಿಯೇ. ಪತ್ರಕರ್ತರ ಫೋನ್ ಬಂದರೆ ಹೆಸರು, ನಂಬರ್, ಡೆಡ್‌ಲೈನ್ ಬರೆದುಕೊಂಡು ಸಂಪರ್ಕ ವಿಭಾಗಕ್ಕೆ ದಾಟಿಸುವುದು, ಒಂದಕ್ಷರ ಹೆಚ್ಚು ಮಾತಿಲ್ಲ.

ಈ ಮೂರು ಭಾಗಗಳ ಕೆಳಗೆ ಕೊನೆಯ ಸಾಲು, ಬಾಸ್ ಸಿಗದಾಗಿನದ್ದು. ಎಷ್ಟು ನಿಮಿಷ ಕಾಯಬೇಕು, ಆಮೇಲೆ ಯಾರನ್ನು ಕೇಳಬೇಕು. ಹದಿನೈದು ನಿಮಿಷ, ಎರಡು ಕಾಲ್, ಒಂದು ಮೆಸೇಜ್; ಆಮೇಲೆ ಡ್ರೈವರ್; ಆಮೇಲೆ ಹಣದ ವಿಷಯಕ್ಕೆ ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಜನರ ವಿಷಯಕ್ಕೆ ಎಚ್‌ಆರ್ ಹೆಡ್. ಮನೆಯವರ ನಂಬರ್ ನಿಮ್ಮ ಬಳಿ ಇರಲಿ, ಆದರೆ ಬಾಸ್ ಸುರಕ್ಷತೆಯ ಪ್ರಶ್ನೆ ಬಂದಾಗ ಮಾತ್ರ ಬಳಸಿ. ಡಿನ್ನರ್ ರಿಸರ್ವೇಶನ್ ಬಗ್ಗೆ ಮನೆಯವರಿಗೆ ಫೋನ್ ಮಾಡಿದರೆ, ಮುಂದೆ ನಿಜಕ್ಕೂ ಬೇಕಾದ ದಿನ ಅವರು ಎತ್ತದೇ ಇರಬಹುದು.

ಪತ್ರವನ್ನು ಬಾಸ್‌ಗೆ ಇಮೇಲ್ ಮಾಡಿ "ಓಕೆ" ಎಂಬ ಉತ್ತರ ಪಡೆದಿಡಿ. ಹಣಕಾಸು ವಿಭಾಗಕ್ಕೂ ಒಂದು ಪ್ರತಿ ಹೋಗಲಿ. ಆರು ತಿಂಗಳಿಗೊಮ್ಮೆ ತಿದ್ದಿ.

ಬಾಸ್ ತಮ್ಮ ಪಾಸ್‌ವರ್ಡ್, ಒಟಿಪಿ, ಡಿಜಿಟಲ್ ಸಹಿಯ ಟೋಕನ್ ಎಲ್ಲ ನನಗೇ ಕೊಟ್ಟಿದ್ದಾರೆ. ಬಳಸಬಹುದೇ?

ಮೇಲ್ ಮತ್ತು ಕ್ಯಾಲೆಂಡರಿಗೆ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ಔಟ್‌ಲುಕ್, ಜಿಮೇಲ್ ಎರಡರಲ್ಲೂ ಡೆಲಿಗೇಟ್ ಸೌಲಭ್ಯವಿದೆ. ನಿಮ್ಮದೇ ಲಾಗಿನ್‌ನಿಂದ ಅವರ ಪರವಾಗಿ ಕೆಲಸ ಮಾಡಬಹುದು. ಡಿಜಿಟಲ್ ಸಹಿಯ ಟೋಕನ್ ಮಾತ್ರ ನಿಮ್ಮ ಡ್ರಾಯರಿನಲ್ಲಿ ಇರಲೇಬಾರದು. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಮ್ಮಲ್ಲಿ ವಂಚನೆಯ ಉದ್ದೇಶ ಇರಲಿಲ್ಲ ನಿಜ. ಆದರೆ ಮುಂದೆ ಆ ಸಹಿಯ ಬಗ್ಗೆಯೇ ತಕರಾರು ಎದ್ದರೆ "ಸರ್ ಫೋನಲ್ಲಿ ಹೇಳಿದ್ರು" ಎಂಬುದಕ್ಕೆ ದಾಖಲೆ ಎಲ್ಲಿಂದ ತರುತ್ತೀರಿ?

ಕ್ಯಾಲೆಂಡರ್ ಪೂರ್ತಿ ಕಲಸಿಹೋಗಿದೆ. ಯಾವುದರಿಂದ ಶುರು?

ಸರಿಸಲಾಗದ್ದರಿಂದ. ಕೋರ್ಟ್ ದಿನಾಂಕ, ಸರ್ಕಾರಿ ವಿಚಾರಣೆ, ಬೋರ್ಡ್ ಮೀಟಿಂಗ್, ವೀಸಾ ಸಂದರ್ಶನ, ವೈದ್ಯರ ಅಪಾಯಿಂಟ್‌ಮೆಂಟ್. ಇವನ್ನು ಮೊದಲು ಗಟ್ಟಿ ಮಾಡಿ, ಉಳಿದದ್ದನ್ನು ಅವುಗಳ ಸುತ್ತ ಕೂರಿಸಿ. ವೈದ್ಯರದ್ದನ್ನು ಬಾಸ್‌ಗಳೇ ಮೊದಲು ಕಿತ್ತುಹಾಕುತ್ತಾರೆ. ಒಂದು ಸಲವಾದರೂ ಬೇಡ ಎಂದು ಹೇಳಿ ನೋಡಿ.

ವಾರಕ್ಕೊಮ್ಮೆ ನಡೆಯುವ ರಿವ್ಯೂಗಳನ್ನು ಸರಿಸುವುದಕ್ಕಿಂತ ಆ ವಾರಕ್ಕೆ ರದ್ದು ಮಾಡುವುದೇ ವಾಸಿ. ಸರಿಸಿದರೆ ಮುಂದಿನ ವಾರಕ್ಕೆ ಎರಡು ರಿವ್ಯೂ ಬಂದು ಕೂರುತ್ತವೆ. ಪ್ರತಿ ದಿನ ಬೆಳಗ್ಗೆ 30 ನಿಮಿಷ, ಸಂಜೆ 45 ನಿಮಿಷ ಖಾಲಿ ಬಿಡಿ. ಬಿಡದಿದ್ದರೆ ಮಧ್ಯಾಹ್ನದ ಮೊದಲ ತುರ್ತು ಕರೆಗೇ ಇಡೀ ದಿನ ಮತ್ತೆ ಜಾರುತ್ತದೆ. ವಿದೇಶದವರ ಜತೆಗಿನ ಮೀಟಿಂಗ್ ಸರಿಸುವಾಗ ಅಮೆರಿಕ, ಯುರೋಪಿನ ಗಡಿಯಾರ ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ, ಶರತ್ಕಾಲದಲ್ಲಿ ಹಿಂದೆ ಹೋಗುತ್ತದೆ ಎಂಬುದು ನೆನಪಿರಲಿ. ಎರಡು ಕಡೆ ಬದಲಾಗುವ ವಾರವೂ ಒಂದೇ ಅಲ್ಲ.

ಬೋರ್ಡ್ ಮೀಟಿಂಗ್ ಮುಂದೂಡೋಣ ಎನ್ನುತ್ತಿದ್ದಾರೆ. ಹೊಸ ಇನ್‌ವೈಟ್ ಕಳಿಸಿಬಿಡಲೇ?

ಬೇಡ. ಮೊದಲು ಕಂಪನಿ ಸೆಕ್ರೆಟರಿಗೆ (ಬೋರ್ಡ್ ಸಭೆ, ಕಾನೂನು ಪಾಲನೆ ನೋಡಿಕೊಳ್ಳುವವರು) ಫೋನ್ ಮಾಡಿ. 2013ರ ಕಂಪನಿ ಕಾಯ್ದೆಯ 173ನೇ ಕಲಂ ಪ್ರಕಾರ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ ನಾಲ್ಕು ಬೋರ್ಡ್ ಸಭೆ ಆಗಬೇಕು, ಎರಡರ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ಕನಿಷ್ಠ 7 ದಿನದ ನೋಟಿಸ್ ಬೇಕು. ತುರ್ತಿದ್ದರೆ ಕಡಿಮೆ ಅವಧಿಯ ನೋಟಿಸ್‌ಗೂ ದಾರಿ ಇದೆ, ಷರತ್ತುಗಳೂ ಇವೆ. ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯಾದರೆ ತ್ರೈಮಾಸಿಕ ಫಲಿತಾಂಶ 45 ದಿನದೊಳಗೆ, ಇಡೀ ವರ್ಷದ್ದು 60 ದಿನದೊಳಗೆ ಎಂಬ ಗಡುವು ಬೇರೆ. ಬಾಸ್‌ಗೆ ನೆಗಡಿ ಎಂದು ನೀವು ಸರಿಸಿದ ಸಭೆ ಈ ಗಡುವುಗಳಲ್ಲಿ ಯಾವುದನ್ನಾದರೂ ದಾಟಿಬಿಡಬಹುದು.

ಬಹಳ ಸಲ ಮುಂದೂಡುವ ಅಗತ್ಯವೇ ಇರುವುದಿಲ್ಲ, ವಿಡಿಯೊ ಮೂಲಕ ನಡೆಸಬಹುದು. ಇಲ್ಲಿ ಇಎಗಳು ಗಮನಿಸದ ಒಂದು ನಿಯಮವಿದೆ. ವಿಡಿಯೊ ಸಭೆ ಶುರುವಾದಾಗ ರೋಲ್ ಕಾಲ್ ಆಗುತ್ತದೆ; ಪ್ರತಿ ಡೈರೆಕ್ಟರ್ ತಮ್ಮ ಹೆಸರು, ಎಲ್ಲಿಂದ ಸೇರಿದ್ದಾರೆ, ಅಜೆಂಡಾ ತಲುಪಿದೆಯೇ ಎಂಬುದರ ಜತೆಗೆ, ತಾವಿರುವ ಜಾಗದಲ್ಲಿ ಬೇರೆ ಯಾರೂ ಸಭೆಯನ್ನು ನೋಡುತ್ತಿಲ್ಲ, ಕೇಳುತ್ತಿಲ್ಲ ಎಂದೂ ಹೇಳಬೇಕು. ನೀವು ಅದೇ ಕೋಣೆಯಲ್ಲಿ ನೋಟ್ಸ್ ಬರೆಯುತ್ತ ಕೂತಿದ್ದರೆ ಬಾಸ್ ಹೇಳಿದ್ದು ಸುಳ್ಳಾಗುತ್ತದೆ. ಅರ್ಧ ಗಂಟೆ ಮೊದಲು ಲಿಂಕ್, ಕ್ಯಾಮೆರಾ, ಮೈಕ್, ಚಾರ್ಜರ್, ಮೊಬೈಲ್ ಹಾಟ್‌ಸ್ಪಾಟ್ ಪರೀಕ್ಷಿಸಿ. ಅಜೆಂಡಾ ಕಡತಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಟ್ಟು ಹೊರಗೆ ಬಂದು ಬಾಗಿಲ ಬಳಿ ಕೂರಿ.

ವಿಮಾನ ರದ್ದಾಗಿದೆ. ಏರ್‌ಲೈನ್ ಕೊಡುವ ಮುಂದಿನ ವಿಮಾನ ಒಪ್ಪಿಕೊಳ್ಳಲೇ?

ಕಾರಣ ನೋಡಿ. ಒಂದು ವಿಮಾನದ ಯಂತ್ರ ಕೆಟ್ಟಿದ್ದರೆ ಅದೇ ಕಂಪನಿಯ ಮುಂದಿನದ್ದನ್ನು ಹಿಡಿಯಬಹುದು. ಕಂಪನಿಯ ವ್ಯವಸ್ಥೆಯೇ ಕುಸಿದಿದ್ದರೆ ಬೇಡ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ಇಂಡಿಗೋ ವಿಮಾನಗಳು ದೇಶದೆಲ್ಲೆಡೆ ಸಾಲು ಸಾಲಾಗಿ ರದ್ದಾದಾಗ, ಸಂಜೆಯ ವಿಮಾನಕ್ಕೆ ಬದಲಿಸಿಕೊಂಡವರು ಸಂಜೆಯದ್ದೂ ರದ್ದಾಗಿ ನಿಲ್ದಾಣದಲ್ಲೇ ರಾತ್ರಿ ಕಳೆಯುವಂತಾಯಿತು. ಅಂಥ ದಿನ ಹಣ ವಾಪಸ್ ಕೇಳಿ ಬೇರೆ ಕಂಪನಿಗೋ ರೈಲಿಗೋ ದಾಟುವುದು ಸರಿ. ಮಂಜು, ಮಳೆಯಾದರೆ ಯಾವ ಕಂಪನಿಯದ್ದೂ ಹಾರುವುದಿಲ್ಲ, ಅಲ್ಲಿ ಕಾಯುವುದೇ ಲೇಸು. ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಬೆಳಗಿನ ಮೊದಲ ವಿಮಾನ ಬುಕ್ ಮಾಡದಿದ್ದರೆ ಈ ತಲೆನೋವು ಅರ್ಧ ಕಮ್ಮಿ.

ಬುಕ್ ಮಾಡುವಾಗಲೇ ನೋಡಬೇಕಾದವು ಇವು:

ಟಿಕೆಟ್‌ನಲ್ಲಿ ಬಾಸ್ ನಂಬರಿರಲಿ, ಸಾಧ್ಯವಾದ ಕಡೆ ನಿಮ್ಮದೂ ಇರಲಿ. ಟ್ರಾವೆಲ್ ಏಜೆಂಟರು ಬಹಳ ಸಲ ತಮ್ಮ ನಂಬರ್ ಹಾಕಿಬಿಡುತ್ತಾರೆ. ರದ್ದಾದ ಮೆಸೇಜ್ ಅವರ ಫೋನಿಗೆ ಹೋಗುತ್ತದೆ, ಅವರು ಮಲಗಿರುತ್ತಾರೆ. ಸಂಪರ್ಕದ ವಿವರ ಸರಿಯಾಗಿ ಕೊಡದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಲ್ಲೂ ಇದೆ.

ಹೋಗುವುದು, ಬರುವುದು ಎರಡನ್ನೂ ಬೇರೆ ಬೇರೆ ಪಿಎನ್ಆರ್‌ನಲ್ಲಿ ಮಾಡಿಸಿ. ಒಂದೇ ಪಿಎನ್ಆರ್ ಇದ್ದು, ಬಾಸ್ ರೈಲಿನಲ್ಲಿ ಹೋಗಿ ಮೊದಲ ವಿಮಾನಕ್ಕೆ ಹಾಜರಾಗದಿದ್ದರೆ ವಾಪಸ್ ಟಿಕೆಟ್ ಕೂಡ ರದ್ದಾಗಬಹುದು.

ಕ್ಯಾಬಿನ್ ಬ್ಯಾಗ್ ಮಾತ್ರ. ಚೆಕ್-ಇನ್ ಆದಮೇಲೆ ವಿಮಾನ ರದ್ದಾದರೆ ಬ್ಯಾಗ್ ವಾಪಸ್ ಸಿಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಇನ್ನೊಂದು ವಿಮಾನದ ಸೀಟು ಮುಗಿದಿರುತ್ತದೆ.

ಸಮಯಕ್ಕೆ ಸರಿಯಾಗಿ ತಿಳಿಸದೆ ರದ್ದು ಮಾಡಿದರೆ, ಹಾರಾಟದ ಅವಧಿ ಒಂದು ಗಂಟೆಯೊಳಗಿದ್ದರೆ ₹5,000, ಎರಡು ಗಂಟೆಯೊಳಗಿದ್ದರೆ ₹7,500, ಅದಕ್ಕಿಂತ ಹೆಚ್ಚಿದ್ದರೆ ₹10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಮ್ಮಿಯೋ ಅಷ್ಟು ಪರಿಹಾರ ಎಂದು ಡಿಜಿಸಿಎ ಹೇಳಿದೆ. ಹವಾಮಾನ, ಮುಷ್ಕರದಂಥ ಏರ್‌ಲೈನ್ ಕೈಮೀರಿದ ಕಾರಣಕ್ಕೆ ಈ ಪರಿಹಾರವಿಲ್ಲ. ಕೌಂಟರಿನಲ್ಲಿ ಇದಕ್ಕಾಗಿ ಬಾಸ್ ಜಗಳಕ್ಕೆ ನಿಲ್ಲುವುದು ಬೇಡ. ರದ್ದಾದ ಮೆಸೇಜ್, ಬೋರ್ಡಿಂಗ್ ಪಾಸ್ ಇಟ್ಟುಕೊಂಡು ಆಮೇಲೆ ನೀವು ಅರ್ಜಿ ಹಾಕಿ.

ರೈಲು ನಿಜವಾಗಿ ಪರ್ಯಾಯವೇ?

ಚೆನ್ನೈ, ಮೈಸೂರು, ಹುಬ್ಬಳ್ಳಿ, ಕೊಯಮತ್ತೂರಿಗೆ ಹೌದು. ಬೆಂಗಳೂರಿನಿಂದ ಚೆನ್ನೈಗೆ ವಂದೇ ಭಾರತ್ ಸುಮಾರು ನಾಲ್ಕೂವರೆ ಗಂಟೆ. ಏರ್‌ಪೋರ್ಟ್ ದಾರಿ, ಚೆಕ್-ಇನ್ ಸೇರಿಸಿದರೆ ವಿಮಾನವೂ ಹತ್ತಿರ ಹತ್ತಿರ ಅಷ್ಟೇ ಹೊತ್ತು ನುಂಗುತ್ತದೆ. ಎಸಿ ತತ್ಕಾಲ್ ಹಿಂದಿನ ದಿನ ಬೆಳಗ್ಗೆ 10ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಿಸಿದ ಖಾತೆ ಬೇಕು, ಅದನ್ನು ಇವತ್ತೇ ಮಾಡಿಡಿ. ಚಾರ್ಟ್ ಆದಮೇಲೆ ಉಳಿದ ಸೀಟು ಕರೆಂಟ್ ಬುಕಿಂಗ್‌ನಲ್ಲಿ ಸಿಗುತ್ತದೆ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬಾಸ್ ಹೋಗದಿದ್ದರೆ ಪೂರ್ತಿ ಹಣ ವಾಪಸ್ ಇದೆ, ಆದರೆ ರೈಲು ಹೊರಡುವ ಮುನ್ನವೇ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಹಾಕಬೇಕು.

ನಾಳೆ ಬಂದ್ ಅಂತೆ.

ಬಂದ್ ಸಾಮಾನ್ಯವಾಗಿ ಬೆಳಗ್ಗೆ 6ರಿಂದ ಸಂಜೆ 6. ವಿಮಾನವಿದ್ದರೆ 5ರೊಳಗೆ ಮನೆ ಬಿಡುವುದು, ಇಲ್ಲವೇ ಹಿಂದಿನ ರಾತ್ರಿ ದೇವನಹಳ್ಳಿ ಕಡೆ ತಂಗುವುದು. ಯಾರು ಕರೆದಿದ್ದಾರೆ, ಯಾವ ಸಂಘಗಳ ಬೆಂಬಲವಿದೆ ನೋಡಿ. ಕ್ಯಾಬ್, ಆಟೊ ಸಂಘಗಳು ಸೇರಿದ್ದರೆ ಆ್ಯಪ್ ನಂಬಬೇಡಿ, ಕಂಪನಿಯ ಕಾರೇ ಬೇಕು. ಕಾವೇರಿ ವಿಷಯದ ಬಂದ್ ಆದರೆ ಇನ್ನೊಂದು ಎಚ್ಚರ. 2023ರ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಹೀಗೆ ಒಂದೇ ವಾರದಲ್ಲಿ ಎರಡು ಆದವು. ಮೊದಲನೆಯ ದಿನದಿಂದ ಸರಿಸಿದ್ದನ್ನೆಲ್ಲ 29ರ ಶುಕ್ರವಾರಕ್ಕೆ ತುಂಬಿದ್ದವರ ಪಾಡು ಊಹಿಸಿಕೊಳ್ಳಿ. ಇಂಥ ವಾರದಲ್ಲಿ ಹೊಸೂರು ಕಡೆಗಿನ ಪ್ರಯಾಣಕ್ಕೆ ಗಡಿಯಲ್ಲಿ ತೊಂದರೆ ಖಚಿತ ಎಂದುಕೊಂಡೇ ಪ್ಲಾನ್ ಮಾಡಿ. ಅಂದಹಾಗೆ ನಿಷೇಧಾಜ್ಞೆಯನ್ನು ಎಲ್ಲರೂ ಈಗಲೂ "144" ಎನ್ನುತ್ತಾರೆ. 2024ರ ಜುಲೈ 1ರಿಂದ ಅದು ಬಿಎನ್ಎಸ್ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 163ನೇ ಕಲಂ. ಪೊಲೀಸ್ ಆದೇಶ ಹುಡುಕುವಾಗ ಈ ನಂಬರ್ ಬೇಕಾಗುತ್ತದೆ.

ಮಳೆಗೆ ಆಫೀಸೇ ಮುಳುಗಿದರೆ?

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿ ಐಟಿ ಉದ್ಯೋಗಿಗಳು ಟ್ರಾಕ್ಟರಿನಲ್ಲಿ ಆಫೀಸಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ರಸ್ತೆಯ ನೀರಿಗಿಂತ ದೊಡ್ಡ ಪೆಟ್ಟು ಬೇಸ್‌ಮೆಂಟಿನದ್ದು. ಜನರೇಟರ್, ಕರೆಂಟ್ ಪ್ಯಾನಲ್, ನೀರಿನ ಪಂಪ್ ಅಲ್ಲೇ ಇದ್ದರೆ ಇಡೀ ಕಟ್ಟಡದ ಲಿಫ್ಟ್, ಇಂಟರ್ನೆಟ್ ಎಲ್ಲ ನಿಲ್ಲುತ್ತದೆ. ಫೆಸಿಲಿಟಿ ಮ್ಯಾನೇಜರ್‌ಗೆ ಈ ಮೂರು ಎಲ್ಲಿವೆ ಎಂದು ಮಳೆಗಾಲಕ್ಕೆ ಮುಂಚೆ ಕೇಳಿ. ಬಾಸ್ ಕಾರು ಆ ರಾತ್ರಿ ಬೇಸ್‌ಮೆಂಟಿನಲ್ಲಿ ಬೇಡ. ಬಾಸ್ ಮನೆಯಲ್ಲಿ ಎರಡು ಬೇರೆ ಕಂಪನಿಯ ಇಂಟರ್ನೆಟ್, ರೂಟರಿಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಆ ದಿನದ ಅರ್ಧ ಕೆಲಸ ಉಳಿಯುತ್ತದೆ.

ಕಂಪ್ಯೂಟರ್‌ಗಳೇ ಕೆಟ್ಟರೆ?

2024ರ ಜುಲೈ 19ರಂದು ಸೈಬರ್ ಸುರಕ್ಷತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಅಪ್‌ಡೇಟಿನಿಂದ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಆ ದಿನ ಕೆಲಸಕ್ಕೆ ಬಂದದ್ದು ಕಾಗದ. ಒಂದು ತೆಳು ಫೋಲ್ಡರಿನಲ್ಲಿ ಮೂವತ್ತು ಮುಖ್ಯ ಫೋನ್ ನಂಬರ್, ಈ ವಾರದ ಕ್ಯಾಲೆಂಡರಿನ ಪ್ರಿಂಟ್, ಟಿಕೆಟ್ ಪ್ರತಿ, ಅಪ್ಪಣೆ ಪತ್ರ ಇಡಿ. ಸೋಮವಾರ ಹೊಸ ಪ್ರಿಂಟ್, ಹಳೆಯದು ಶ್ರೆಡರಿಗೆ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.

ಬಾಸ್ ಫೋಟೊ ಇರುವ ಹೊಸ ನಂಬರಿನಿಂದ "ಮೀಟಿಂಗಲ್ಲಿದೀನಿ, ಕಾಲ್ ಮಾಡ್ಬೇಡಿ, ಅರ್ಜೆಂಟಾಗಿ ಈ ಅಕೌಂಟಿಗೆ ಹಣ ಹಾಕಿಸಿ" ಎಂದು ಮೆಸೇಜ್ ಬಂದಿದೆ.

ಮೋಸ. ಗಲಿಬಿಲಿಯ ವಾರಗಳಲ್ಲಿ ಇಂಥವು ಹೆಚ್ಚು ನಾಟುತ್ತವೆ, ಏಕೆಂದರೆ ಬಾಸ್ ಊರಲ್ಲಿಲ್ಲ, ಎಲ್ಲವೂ ಅರ್ಜೆಂಟೇ, ನೀವೂ ಸುಸ್ತಾಗಿದ್ದೀರಿ. ಮೆಸೇಜಿನಲ್ಲಿರುವ ನಂಬರಿಗಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಕಾಲ್ ಮಾಡಿ, ದನಿ ಕೇಳಿ. ದನಿಯನ್ನೂ ನಕಲು ಮಾಡುವ ಕಾಲ ಇದು, ಹಾಗಾಗಿ ಬಾಸ್ ಜತೆ ಒಂದು ಗುಟ್ಟಿನ ಪದ ಒಪ್ಪಿಕೊಂಡಿರಿ. ಯಾವುದೋ ತಿಂಡಿಯ ಹೆಸರಾದರೂ ನಡೆಯುತ್ತದೆ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಗೆ ಬಿದ್ದು ಸುಮ್ಮನಿರಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ, ಹಣಕಾಸು ಮತ್ತು ಐಟಿ ವಿಭಾಗಕ್ಕೆ ಸುದ್ದಿ. ಹಣ ಮೊದಲ ಖಾತೆಯಿಂದ ಮುಂದೆ ಹೋಗುವಷ್ಟರಲ್ಲಿ ತಡೆದರೆ ಮಾತ್ರ ಸಿಗುವ ಸಾಧ್ಯತೆ.

ಕೆಲಸದಿಂದ ತೆಗೆಯುತ್ತಾರಂತೆ, ಕಂಪನಿ ಮಾರುತ್ತಾರಂತೆ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನನಗೆ ಗೊತ್ತೂ ಇದೆ.

ಸುಳ್ಳು ಹೇಳಬೇಕಿಲ್ಲ, ನಿಜ ಹೇಳುವಂತಿಲ್ಲ. "ಸರ್ ಕ್ಯಾಲೆಂಡರ್ ವಿಷಯ ನಾನು ಯಾರ ಹತ್ರಾನೂ ಮಾತಾಡಲ್ಲ" ಎಂಬ ಒಂದೇ ವಾಕ್ಯವನ್ನು, ಏನೂ ಇಲ್ಲದ ದಿನಗಳಲ್ಲೂ ಹೇಳುತ್ತ ಬನ್ನಿ. ಮಾಮೂಲಿ ದಿನ "ಅಯ್ಯೋ ಏನಿಲ್ಲ ಬಿಡಿ" ಎಂದು ನಗುವವರು ಒಂದು ದಿನ ಬಾಯಿ ಮುಚ್ಚಿಕೊಂಡರೆ ಅದೇ ಸುದ್ದಿ.

ಮಾತಿಗಿಂತ ಬೇರೆ ಕಡೆಗಳಿಂದ ಹೆಚ್ಚು ಸೋರುತ್ತದೆ. ಬೆಳಗ್ಗೆ 7:30ಕ್ಕೆ ಸಿಇಒ, ಎಚ್‌ಆರ್ ಹೆಡ್, ವಕೀಲರು ಎಂಬ ಇನ್‌ವೈಟ್ ತೆರೆದ ಕ್ಯಾಲೆಂಡರಿನಲ್ಲಿ ಕಂಡರೆ ಶೀರ್ಷಿಕೆ "ಚರ್ಚೆ" ಎಂದಿದ್ದರೇನು ಬಂತು? ಅದನ್ನು ಪ್ರೈವೇಟ್ ಮಾಡಿ. ಪ್ರಿಂಟರಿನ ಟ್ರೇ, ಬಿಳಿ ಹಲಗೆ, ಮೀಟಿಂಗ್ ರೂಮಿನ ಹೊರಗಿನ ಸ್ಕ್ರೀನ್ ನೋಡಿಕೊಳ್ಳಿ.

ಲಿಸ್ಟೆಡ್ ಕಂಪನಿಯಾದರೆ ಇನ್ನೊಂದು ಮಾತು. ಬಹಿರಂಗವಾಗದ, ಷೇರು ಬೆಲೆ ಮೇಲೆ ಪರಿಣಾಮ ಬೀರುವ ಮಾಹಿತಿ ಕೈಗೆ ಬರುವ ಕಾರ್ಯದರ್ಶಿ ಸಿಬ್ಬಂದಿಯನ್ನೂ ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಮಾಹಿತಿ ಬಳಸಿ ಷೇರು ವಹಿವಾಟು) ನಿಯಮಗಳ ಪ್ರಕಾರ ನಿಯುಕ್ತ ವ್ಯಕ್ತಿಗಳ (ಡೆಸಿಗ್ನೇಟೆಡ್ ಪರ್ಸನ್ಸ್) ಪಟ್ಟಿಗೆ ಸೇರಿಸುತ್ತಾರೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಆಗುವವರೆಗೆ ಕಂಪನಿಯ ಷೇರು ಮುಟ್ಟುವಂತಿಲ್ಲ. ಮನೆಯವರ ಡಿಮ್ಯಾಟ್ ಖಾತೆಗೂ ಈ ಕಟ್ಟು ಅನ್ವಯಿಸುತ್ತದೆ, ಮನೆಯಲ್ಲಿ ಹೇಳಿಡಿ.

ಬಾಸ್ ನನ್ನ ಮೇಲೆ ರೇಗುತ್ತಾರೆ.

ಆ ಕ್ಷಣದಲ್ಲಿ ಸಮಜಾಯಿಷಿ ಬೇಡ, ಮುಂದಿನ ಹೆಜ್ಜೆ ಏನೆಂದು ಹೇಳಿ. ಸಂಜೆ ಶಾಂತವಾದಾಗ ಎರಡು ವಾಕ್ಯದಲ್ಲಿ ವಿಷಯ ಎತ್ತಿ: ಆಗಿದ್ದೇನು, ಮುಂದಿನ ಸಲ ಯಾವುದು ಬೇರೆ ಥರ ಆಗಬೇಕು. ಎಲ್ಲರೆದುರು ಬೈಯುವುದು, ಕೀಳು ಮಾತು ನಡೆದೇ ಇದ್ದರೆ ಅದು ಗಲಿಬಿಲಿಯ ಲೆಕ್ಕಕ್ಕೆ ಬರುವುದಿಲ್ಲ; ದಿನಾಂಕ ಸಹಿತ ಬರೆದಿಟ್ಟು ಎಚ್‌ಆರ್‌ಗೆ ಹೋಗಿ.

ಫೋನಿನಲ್ಲಿ ಹೇಳಿದ್ದನ್ನು ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ" ಎಂದರೆ?

ಕರೆ ಮುಗಿದು ಐದು ನಿಮಿಷದೊಳಗೆ ಒಂದು ಸಾಲು ಕಳಿಸಿ: "ಸರ್, ಮಾತಾಡಿದಂತೆ ಪುಣೆ ಭೇಟಿ ರದ್ದು ಮಾಡಿ 14ಕ್ಕೆ ಕೇಳುತ್ತಿದ್ದೇನೆ." ಜತೆಗೆ ಒಂದು ದಿನಚರಿ ಪುಸ್ತಕದಲ್ಲಿ ಗಂಟೆ, ಯಾರು, ಏನು. ಅವರು ನಿಜಕ್ಕೂ ಮರೆತಿರುತ್ತಾರೆ. ದಿನಕ್ಕೆ ಅರವತ್ತು ಕರೆಯಲ್ಲಿ ಇದೂ ಒಂದು.

ಅದೇ ವಾರ ನಾನೇ ಕಾಯಿಲೆ ಬಿದ್ದರೆ?

ಇನ್ನೊಬ್ಬ ಡೈರೆಕ್ಟರ್‌ನ ಇಎ ಜತೆ ಜೋಡಿ ಮಾಡಿಕೊಳ್ಳಿ. ಡೆಲಿಗೇಟ್ ಅನುಮತಿಯನ್ನು ಐಟಿಯವರಿಂದ ಮುಂಚೆಯೇ ಮಾಡಿಸಿಡಿ, ಕಾಗದದ ಫೋಲ್ಡರ್ ಎಲ್ಲಿದೆ ಎಂದು ಅವರಿಗೆ ತೋರಿಸಿಡಿ. ವರ್ಷಕ್ಕೆ ಎರಡು ಸಲ ಒಂದೊಂದು ದಿನ ನಿಜವಾಗಿ ರಜೆ ಹಾಕಿ, ಅವರೇ ನಡೆಸಲಿ. ಆ ದಿನ ಅವರು ನಿಮಗೆ ಎಷ್ಟು ಸಲ ಫೋನ್ ಮಾಡಿದರೋ, ಅಪ್ಪಣೆ ಪತ್ರಕ್ಕೆ ಅಷ್ಟು ಸಾಲು ಸೇರಿಸಬೇಕು.